ಒಂದು ಕುದುರೆ, 50 ಟನ್: ರಸ್ತೆ ಬಿಟ್ಟು ಕಾಲುವೆ ಯಾಕೆ ತೋಡಿದರು?

ದಂಡೆದಾರಿ

ಎಲ್ಲರಿಗೂ ನಮಸ್ಕಾರ. ನಾನು ಇರೋದು ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಹತ್ತಿರ. ಮನೆ ಹಿಂದೆಯೇ ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಹೋಗುತ್ತದೆ. ದಿನಾ ಬೆಳಗ್ಗೆ ಅದರ ದಂಡೆ ಮೇಲೆ ನಡೆಯುತ್ತೇನೆ. ಈ ಸಲ ಊರಿಂದ ಅಪ್ಪನೂ ಬಂದಿದ್ದಾರೆ.

ಮೊನ್ನೆ ಒಂದು ಹಳೇ ಸೇತುವೆ ಕೆಳಗೆ ಅಪ್ಪ ನಿಂತುಬಿಟ್ಟರು. ಸೇತುವೆಯ ಮೂಲೆಗೆ ಒಂದು ಎರಕದ ಕಬ್ಬಿಣದ ಪಟ್ಟಿ ಬಡಿದಿದ್ದಾರೆ. ಅದರ ಉದ್ದಕ್ಕೂ ಆಳವಾದ ಗೀರುಗಳು. ಬೆರಳು ಇಟ್ಟರೆ ಅರ್ಧ ಬೆರಳು ಒಳಗೆ ಹೋಗುತ್ತದೆ. ಅಪ್ಪ ಸವರಿ ನೋಡಿ, "ಇದೇನೋ, ನಮ್ಮ ಬಾವಿಕಟ್ಟೆ ಕಲ್ಲಿನ ಹಾಗೇ ಸವೆದಿದೆಯಲ್ಲ" ಅಂದರು. ನಿಜಕ್ಕೂ ಅದೇ. ಹಗ್ಗ ಉಜ್ಜಿ ಉಜ್ಜಿ ಆದ ಗೀರು. ದಂಡೆ ಮೇಲೆ ಕುದುರೆ ನಡೆಯುತ್ತಿತ್ತು, ನೀರಿನಲ್ಲಿ ದೋಣಿ ಬರುತ್ತಿತ್ತು, ನಡುವಿನ ಹಗ್ಗ ಈ ಮೂಲೆಗೆ ತಾಗುತ್ತಿತ್ತು. ಹಗ್ಗ ಒದ್ದೆ, ಮರಳು ಮೆತ್ತಿಕೊಂಡಿರುತ್ತಿತ್ತು. ನೂರಕ್ಕೂ ಹೆಚ್ಚು ವರ್ಷ ಹೀಗೆ ಉಜ್ಜಿದರೆ ಕಬ್ಬಿಣ ಏನು ಉಳಿಯುತ್ತೆ?

ಆಮೇಲೆ ಅಪ್ಪ ಕೇಳಿದ ಪ್ರಶ್ನೆ ಇದು: "ಇಷ್ಟೆಲ್ಲ ಅಗೆಯೋ ಬದಲು ಒಂದು ಒಳ್ಳೇ ರಸ್ತೆ ಮಾಡಿದ್ದರೆ ಆಗ್ತಿರಲಿಲ್ವಾ?"

ಸರಿಯಾದ ಪ್ರಶ್ನೆ. ನಾನು ಇದನ್ನ ತುಂಬಾ ದಿನದಿಂದ ಓದ್ತಾ ಇದ್ದೇನೆ, ಹಾಗಾಗಿ ನನಗೆ ಗೊತ್ತಿರೋದನ್ನ ಮೊದಲು ಬರೆದುಬಿಡ್ತೇನೆ.

1750ರ ಸುಮಾರಿಗೆ ಇಲ್ಲಿನ ರಸ್ತೆ ಅಂದರೆ ಮಳೆಗಾಲದಲ್ಲಿ ಕೆಸರುಗದ್ದೆ. ಕುದುರೆ ಬೆನ್ನಿಗೆ ಎರಡೂ ಕಡೆ ಮೂಟೆ ಕಟ್ಟಿ ಕಳಿಸುತ್ತಿದ್ದರು, ನಮ್ಮ ಕಡೆ ಹೇರೆತ್ತು ಇದ್ದ ಹಾಗೆ. ಒಂದು ಕುದುರೆ ಬೆನ್ನ ಮೇಲೆ ಹೊರುತ್ತಿದ್ದದ್ದು ಸುಮಾರು 125 ಕಿಲೋ. ಅದೇ ಕುದುರೆಯನ್ನು ಮೆತ್ತಗಿನ ಮಣ್ಣು ರಸ್ತೆಯಲ್ಲಿ ಗಾಡಿಗೆ ಕಟ್ಟಿದರೆ 600 ಕಿಲೋ ಆಸುಪಾಸು. ಜಲ್ಲಿ ಹಾಕಿ ಗಟ್ಟಿ ಮಾಡಿದ ರಸ್ತೆಯಲ್ಲಿ 2 ಟನ್. ನದಿಯಲ್ಲಿ ದೋಣಿಗೆ ಕಟ್ಟಿದರೆ 30 ಟನ್. ಕಾಲುವೆಯಲ್ಲಿ 50 ಟನ್!

ಅದೇ ಕುದುರೆ, ಅದೇ ಮೇವು, ಜೊತೆಗೆ ಅದೇ ಒಬ್ಬ ಆಳು. ಭಾರ ಹೊರುವ ಕೆಲಸವನ್ನು ನೀರಿಗೆ ಕೊಟ್ಟುಬಿಟ್ಟರು. ಕುದುರೆಗೆ ಉಳಿದದ್ದು ಬರೀ ಎಳೆಯೋದು.

ಇಂಗ್ಲೆಂಡಿನಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ಮೊದಲು ತೋರಿಸಿದ್ದು ಮ್ಯಾಂಚೆಸ್ಟರ್ ಹತ್ತಿರದ ಬ್ರಿಜ್‌ವಾಟರ್ ಕಾಲುವೆ, 1761ರಲ್ಲಿ. ಡ್ಯೂಕ್ ಆಫ್ ಬ್ರಿಜ್‌ವಾಟರ್ ಅನ್ನುವವನಿಗೆ ವರ್ಸ್ಲಿಯಲ್ಲಿ ಕಲ್ಲಿದ್ದಲು ಗಣಿ ಇತ್ತು. ಮ್ಯಾಂಚೆಸ್ಟರ್ ಅಲ್ಲಿಂದ ಬರೀ ಹತ್ತು ಹನ್ನೆರಡು ಕಿ.ಮೀ. ಆದರೂ ರಸ್ತೆ ಮೇಲೆ ಕಲ್ಲಿದ್ದಲು ಹೋಗಿ ಮುಟ್ಟುವಷ್ಟರಲ್ಲಿ ಸಾಗಣೆ ಖರ್ಚೇ ಮಾಲಿನ ಬೆಲೆಯನ್ನು ತಿಂದುಹಾಕುತ್ತಿತ್ತು. ಕಾಲುವೆ ಬಂದ ಮೇಲೆ ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬಡವರ ಮನೆಯ ಒಲೆಗೂ ಅದರಿಂದ ಸಹಾಯ ಆಯ್ತು, ಗಿರಣಿಗಳಿಗೂ ಆಯ್ತು.

ಈ ಕಾಲುವೆ ಕಟ್ಟಿದ ಜೇಮ್ಸ್ ಬ್ರಿಂಡ್ಲಿ ಮೂಲತಃ ಗಿರಣಿ ರಿಪೇರಿ ಮಾಡುವವನು. ಓದು ಬರಹ ಅಷ್ಟಕ್ಕಷ್ಟೆ. ದಾರಿಯಲ್ಲಿ ಇರ್‌ವೆಲ್ ನದಿ ಅಡ್ಡ ಬಂತು. ಅವನು ನದಿ ಮೇಲೆ ಕಲ್ಲಿನ ಕಮಾನು ಕಟ್ಟಿ, ಅದರ ಮೇಲೆ ಕಾಲುವೆಯನ್ನೇ ದಾಟಿಸಿದ. ಕೆಳಗೆ ನದಿಯಲ್ಲಿ ದೋಣಿ, ಮೇಲೆ ಕಾಲುವೆಯಲ್ಲಿ ದೋಣಿ. ಜನ ದೂರದೂರದಿಂದ ನೋಡೋಕೆ ಬರುತ್ತಿದ್ದರಂತೆ.

ನಿಮ್ಮ ಅಭಿಪ್ರಾಯ ಹೇಳಿ. ನಮ್ಮ ದೇಶದ ಉದಾಹರಣೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.

---

ಗಾಡಿಮನೆ

ಬಾವಿಕಟ್ಟೆ ಹೋಲಿಕೆ ಓದಿ ಮನಸ್ಸಿಗೆ ಹತ್ತಿರ ಅನ್ನಿಸಿತು ಸರ್. ನಮ್ಮ ಅಜ್ಜ ಘಟ್ಟದ ದಾರಿಯಲ್ಲಿ ಗಾಡಿ ಹೊಡೆದವರು. ಮೇಲಿಂದ ಅಕ್ಕಿ, ಮೆಣಸು ಇಳಿಸಿ, ಕೆಳಗಿಂದ ಉಪ್ಪು, ತೆಂಗಿನಕಾಯಿ ತರುತ್ತಿದ್ದರು. ಒಂದು ಜೊತೆ ಎತ್ತಿಗೆ ಎಂಟು ಹತ್ತು ಕ್ವಿಂಟಾಲ್ ಹೇರಿದರೆ ಅದೇ ಜಾಸ್ತಿ. ಏರು ಬಂತೆಂದರೆ ಹಿಂದಿನ ಗಾಡಿಯ ಎತ್ತು ಬಿಚ್ಚಿ ಮುಂದಿನ ಗಾಡಿಗೆ ಕಟ್ಟೋದು, ಆಮೇಲೆ ವಾಪಸ್ ಬಂದು ಅದನ್ನ ಎಳೆಯೋದು. ಹಾಗಾಗಿ ಒಂದೇ ಏರನ್ನು ಎತ್ತುಗಳು ಎರಡು ಸಲ ಹತ್ತಬೇಕಿತ್ತು.

ಅಜ್ಜ ಇನ್ನೊಂದು ಮಾತು ಹೇಳುತ್ತಿದ್ದರು. ದೂರದ ಪ್ರಯಾಣ ಆದರೆ ಎತ್ತಿನ ಹುಲ್ಲು, ಹಿಂಡಿಯನ್ನೂ ಗಾಡಿಯಲ್ಲೇ ಹೇರಬೇಕು. ಹೆಚ್ಚು ದೂರ ಹೋದಷ್ಟೂ ಮಾಲಿಗೆ ಜಾಗ ಕಡಿಮೆ. 50 ಟನ್ ಅನ್ನೋದನ್ನ ಅವರ ಮುಂದೆ ಹೇಳಿದ್ದರೆ ನಂಬುತ್ತಲೇ ಇರಲಿಲ್ಲ.

---

ಪಿಯು ಫಿಸಿಕ್ಸ್ ಮೇಡಂ

50 ಟನ್ ಹೇಗೆ ಸಾಧ್ಯ ಅನ್ನೋರಿಗೆ ಒಂದು ಸಣ್ಣ ಲೆಕ್ಕ ಕೊಡ್ತೇನೆ.

ಒಂದು ಕುದುರೆ ದಿನವಿಡೀ ಸುಸ್ತಾಗದೆ ಎಳೆಯಬಲ್ಲ ಬಲ ಸುಮಾರು 50 ಕಿಲೋ ತೂಕದಷ್ಟು ಅಂತ ಇಟ್ಟುಕೊಳ್ಳಿ. ಕೆಟ್ಟ ಮಣ್ಣು ರಸ್ತೆಯಲ್ಲಿ ಗಾಡಿ ಉರುಳಬೇಕಾದರೆ ಅದರ ತೂಕದ ಹತ್ತನೇ ಒಂದು ಭಾಗದಷ್ಟು ಬಲ ಬೇಕಾಗುತ್ತದೆ. ಅಂದರೆ ಕುದುರೆ ಎಳೆಯೋದು 500 ಕಿಲೋ. ಮೇಲೆ ಹೇಳಿದ 600ಕ್ಕೆ ಹತ್ತಿರ ಬಂತು ನೋಡಿ. ಚಕ್ರ ಕೆಸರಿನಲ್ಲಿ ಹೂತರೆ ಪ್ರತಿ ಹೆಜ್ಜೆಗೂ ಒಂದು ಸಣ್ಣ ದಿಬ್ಬ ಹತ್ತಿದ ಹಾಗೆ.

ನೀರಿನಲ್ಲಿ ದೋಣಿಯ ತೂಕವನ್ನು ನೀರೇ ಎತ್ತಿ ಹಿಡಿಯುತ್ತದೆ. ಉಳಿಯೋದು ನೀರನ್ನ ಪಕ್ಕಕ್ಕೆ ಸರಿಸೋ ಕೆಲಸ ಮಾತ್ರ. ಅದು ವೇಗದ ಮೇಲೆ ನಿಂತಿದೆ. ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟು. ನಿಧಾನವಾಗಿ, ಗಂಟೆಗೆ ನಾಲ್ಕು ಕಿ.ಮೀ. ಹಾಗೆ ಹೋದರೆ ತಡೆ ತೀರಾ ಕಡಿಮೆ. ತೂಕದ ಸಾವಿರದ ಒಂದು ಭಾಗ ಬಲ ಸಾಕು. 50 ಕಿಲೋ ಬಲಕ್ಕೆ 50 ಟನ್.

ನದಿಗಿಂತ ಕಾಲುವೆ ಯಾಕೆ ಮೇಲು ಅನ್ನೋದೂ ಇದರಲ್ಲೇ ಇದೆ. ನದಿಯಲ್ಲಿ ಹರಿವು ಇರುತ್ತದೆ. ಕಾಲುವೆ ನಿಂತ ನೀರು. ಹೋಗುವಾಗಲೂ ಬರುವಾಗಲೂ ಒಂದೇ ಶ್ರಮ.

---

ದಂಡೆದಾರಿ

ಮೇಡಂ, ಇಷ್ಟು ಸರಳವಾಗಿ ನಾನು ಎಲ್ಲೂ ಓದಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. ತುಂಬಾ ಥ್ಯಾಂಕ್ಸ್.

---

ಲಾರಿ ಬುಕಿಂಗ್ ದಾವಣಗೆರೆ

ನಾನು 22 ವರ್ಷದಿಂದ ಟ್ರಾನ್ಸ್‌ಪೋರ್ಟ್ ಲೈನಿನಲ್ಲಿ ಇದ್ದೇನೆ. ಒಪ್ಪದ ಮಾತು ಹೇಳ್ತೀನಿ, ಬೇಜಾರಾಗಬೇಡಿ.

ಸಾಗಣೆಯಲ್ಲಿ ಟನ್ನಿಗೆ ಎಷ್ಟು ಅನ್ನೋದು ಒಂದೇ ಲೆಕ್ಕ ಅಲ್ಲ. ಮೊದಲನೇದು, ಲೋಡಿಂಗ್ ಅನ್‌ಲೋಡಿಂಗ್. ಕಾಲುವೆ ಮನೆ ಬಾಗಿಲಿಗೆ ಬರಲ್ಲ. ಗಣಿಯಿಂದ ದೋಣಿಗೆ ಒಂದು ಸಲ, ದೋಣಿಯಿಂದ ಗಾಡಿಗೆ ಇನ್ನೊಂದು ಸಲ. ಪ್ರತಿ ಸಲ ಹಮಾಲಿ, ಪ್ರತಿ ಸಲ ಮಾಲು ಕಮ್ಮಿ. ಎರಡನೇದು, ಟೈಮ್. ತರಕಾರಿ, ಹಾಲು, ಮೀನು ಗಂಟೆಗೆ ನಾಲ್ಕು ಕಿ.ಮೀ. ಹೋದರೆ ಏನಾಗುತ್ತೆ? ಮೂರನೇದು, ದಾರಿ ಕೆಟ್ಟರೆ ಲಾರಿ ಸುತ್ತಿಕೊಂಡು ಬೇರೆ ಕಡೆಯಿಂದ ಹೋಗುತ್ತೆ. ಕಾಲುವೆ ಒಂದು ಕಡೆ ಒಡೆದರೆ ಅಲ್ಲಿಗೆ ಮುಗೀತು.

ಬಂಡವಾಳದ ಮಾತೂ ಇದೆ. ರಸ್ತೆಯನ್ನ ಸ್ವಲ್ಪ ಸ್ವಲ್ಪ ಮಾಡಬಹುದು. ಕಾಲುವೆ ಪೂರ್ತಿ ಮುಗಿಯೋವರೆಗೂ ಒಂದು ಪೈಸೆ ಹುಟ್ಟಲ್ಲ.

---

ದಂಡೆದಾರಿ

ಅಣ್ಣಾ, ಬೇಜಾರು ಯಾಕೆ, ನೀವು ಹೇಳಿದ್ದು ಬಹಳ ಮಟ್ಟಿಗೆ ಸರಿ. ಟಪಾಲು ಮತ್ತು ಪ್ರಯಾಣಿಕರು ರಸ್ತೆಯಲ್ಲೇ ಉಳಿದರು. ಇಲ್ಲಿ 1784ರಿಂದ ಟಪಾಲಿಗೆ ಅಂತಲೇ ಕುದುರೆ ಕೋಚು ಓಡಿದವು. ದನ, ಕುರಿಗಳಂತೂ ವೇಲ್ಸ್, ಸ್ಕಾಟ್‌ಲೆಂಡಿನಿಂದ ಲಂಡನ್ನಿಗೆ ನಡೆದುಕೊಂಡೇ ಬರುತ್ತಿದ್ದವು. ಕಾಲುವೆಯಲ್ಲಿ ಬೇಗ ಹೋಗಬೇಕಾದ ಸರಕಿಗೆ ಬೇರೆ ದೋಣಿ ಇತ್ತು. ಹಗಲು ರಾತ್ರಿ ನಿಲ್ಲದೆ ಓಡೋದು, ಅಲ್ಲಲ್ಲಿ ಕುದುರೆ ಬದಲಾಯಿಸೋದು, ಬೇರೆ ದೋಣಿಗಳು ಅದಕ್ಕೆ ದಾರಿ ಬಿಡಬೇಕು. ಆದರೂ ಅದು ಸ್ವಲ್ಪ ಸರಕಿಗೆ ಮಾತ್ರ.

ಹಮಾಲಿ ವಿಷಯಕ್ಕೆ ಬ್ರಿಜ್‌ವಾಟರ್ ಮಾಡಿದ ಉಪಾಯ ಕೇಳಿ. ಅವನು ಕಾಲುವೆಯನ್ನು ಗಣಿಯ ಬಾಯಿಗೆ ತಂದು ನಿಲ್ಲಿಸಲಿಲ್ಲ. ಬೆಟ್ಟದ ಒಳಗೇ ತೆಗೆದುಕೊಂಡು ಹೋದ. ಗಣಿಯೊಳಗೆ ಕಾಲುವೆ! ಕೊನೆಗೆ ಭೂಮಿ ಒಳಗಿನ ಈ ಕಾಲುವೆಗಳ ಉದ್ದ ಸುಮಾರು 74 ಕಿ.ಮೀ. ಮುಟ್ಟಿತು. ಗಣಿಯಲ್ಲಿ ಸದಾ ನೀರು ತುಂಬಿಕೊಳ್ಳುವ ಕಾಟ ಇತ್ತು. ಆ ನೀರೇ ಹರಿದು ಕಾಲುವೆಗೆ ಆಧಾರ ಆಯ್ತು. ಕಲ್ಲಿದ್ದಲು ಅಗೆದ ಜಾಗದಲ್ಲೇ ದೋಣಿಗೆ ತುಂಬೋದು, ಅದೇ ನೀರಿನ ದಾರಿಯಲ್ಲಿ ಮ್ಯಾಂಚೆಸ್ಟರ್ ಕಡೆಗೆ. ಆ ದೋಣಿಗಳು ಉದ್ದಕ್ಕೆ, ಸಪೂರಕ್ಕೆ, ಪಕ್ಕೆಯ ಹಲಗೆಗಳು ಎದ್ದು ಕಾಣುತ್ತಿದ್ದವು. ಜನ ಅವನ್ನು ಹಸಿದು ಬಡಕಲಾದವರ ಪಕ್ಕೆಲುಬಿಗೆ ಹೋಲಿಸಿ ಹೆಸರಿಟ್ಟರು.

ವರ್ಸ್ಲಿಗೆ ಹೋಗಿದ್ದೆ. ಸುರಂಗದ ಬಾಯಿ ಈಗಲೂ ಕಾಣುತ್ತದೆ. ನೀರಿನ ಬಣ್ಣ ಕಾವಿ ಕಲಸಿದ ಹಾಗೆ. ಗಣಿಯ ಕಬ್ಬಿಣದ ಅಂಶ ಇನ್ನೂ ಬರ್ತಾ ಇದೆ.

ನಿಮ್ಮ ಬಂಡವಾಳದ ಮಾತು ತುಂಬಾ ಮುಖ್ಯ. ಫ್ರಾನ್ಸಿನಲ್ಲಿ ಪಿಯರ್-ಪಾಲ್ ರಿಕೆ ಎಂಬುವನು 240 ಕಿ.ಮೀ. ಉದ್ದದ ಕನಾಲ್ ದು ಮಿದಿ ಕಟ್ಟಿಸಿದ. 1666ರಲ್ಲಿ ಶುರು, 1681ರಲ್ಲಿ ಮುಗೀತು. ತನ್ನ ಸ್ವಂತ ಆಸ್ತಿ ಸುರಿದು ಸಾಲಕ್ಕೆ ಬಿದ್ದ. ಕಾಲುವೆ ತೆರೆಯೋಕೆ ಕೆಲವೇ ತಿಂಗಳು ಮುಂಚೆ, 1680ರಲ್ಲಿ ತೀರಿಕೊಂಡ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ನಮ್ಮ ಬ್ರಿಜ್‌ವಾಟರ್ ಡ್ಯೂಕ್ ಹುಡುಗನಾಗಿದ್ದಾಗ ಯುರೋಪ್ ಸುತ್ತಲು ಹೋಗಿ ಆ ಕಾಲುವೆಯನ್ನು ನೋಡಿ ಬಂದಿದ್ದ.

---

ಕುಂಬಾರಕೇರಿ

ಅಕ್ಕನ ಮಗ ಇದರ ಲಿಂಕ್ ಕಳಿಸಿದ, ಹಾಗಾಗಿ ಬಂದೆ. ನಮ್ಮದು ಕುಂಬಾರರ ಮನೆ. ಸ್ಟೋಕ್ ಅಂದರೆ ಪಿಂಗಾಣಿಗೆ ಹೆಸರಾದ ಊರು ಅಲ್ವಾ? ಮಡಕೆ ಸಾಗಿಸೋ ಕಷ್ಟ ನಮಗೆ ಗೊತ್ತು. ಸಂತೆಗೆ ಗಾಡಿಯಲ್ಲಿ ಹುಲ್ಲು ಹಾಸಿ, ಮಡಕೆ ನಡುವೆ ಹುಲ್ಲು ತುರುಕಿ ಒಯ್ದರೂ ಹತ್ತಕ್ಕೆ ಒಂದೆರಡು ಬಿರುಕು ಬಿಟ್ಟೇ ಬಿಡುತ್ತಿತ್ತು. ನಮ್ಮಪ್ಪ ಸಂತೆಯಲ್ಲಿ ಇಳಿಸಿದ ತಕ್ಷಣ ಒಂದೊಂದನ್ನೂ ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತಿದ್ದರು. ಅಲ್ಲಿಯವರು ಏನು ಮಾಡುತ್ತಿದ್ದರು?

---

ದಂಡೆದಾರಿ

ಅಮ್ಮಾ, ನೀವು ಕೇಳಿದ್ದೇ ಈ ಕಾಲುವೆಯ ಕಥೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಇಲ್ಲಿ ಬರ್ಸ್ಲೆಮ್ ಅನ್ನೋ ಊರಿನಲ್ಲಿ ಜೋಸಾಯಾ ವೆಜ್‌ವುಡ್ ಅನ್ನೋ ಕುಂಬಾರ ಇದ್ದ. ಕುಂಬಾರರ ಮನೆಯಲ್ಲೇ ಹುಟ್ಟಿದವನು. ಬಿಳಿ ಪಾತ್ರೆ ಮಾಡೋಕೆ ಬೇಕಾದ ಮಣ್ಣು ಇಲ್ಲಿನದಲ್ಲ. ದಕ್ಷಿಣದ ಡೆವನ್, ಕಾರ್ನ್‌ವಾಲ್ ಕಡೆಯಿಂದ ಹಡಗಿನಲ್ಲಿ ಲಿವರ್‌ಪೂಲಿಗೆ ಬರಬೇಕು. ಅಲ್ಲಿಂದ ವೀವರ್ ನದಿಯಲ್ಲಿ ದೋಣಿ ಮೇಲೆ ಒಂದಷ್ಟು ದೂರ. ಆಮೇಲೆ ಕುದುರೆ ಬೆನ್ನು. ಮಣ್ಣು ಭಾರ, ಬೆಲೆ ಕಡಿಮೆ. ಅದರ ಜೊತೆ ಚಕಮಕಿ ಕಲ್ಲೂ ದೂರದಿಂದ ಬರಬೇಕಿತ್ತು. ಪಾತ್ರೆ ಆದ ಮೇಲೆ ಅದೇ ಗುಂಡಿ ಬಿದ್ದ ದಾರಿಯಲ್ಲಿ ಅದೇ ಕುದುರೆ ಬೆನ್ನ ಮೇಲೆ ವಾಪಸ್. ನಿಮ್ಮಪ್ಪ ತಟ್ಟಿ ನೋಡುತ್ತಿದ್ದ ಹಾಗೆ ಇವರೂ ನೋಡುತ್ತಿದ್ದರೇನೋ. ದಾರಿಯಲ್ಲೇ ಎಷ್ಟೋ ಒಡೆದುಹೋಗುತ್ತಿತ್ತು.

ವೆಜ್‌ವುಡ್ ಊರೂರು ಸುತ್ತಿ, ಪತ್ರ ಬರೆದು, ಹಣ ಇರುವವರನ್ನು ಒಪ್ಪಿಸಿದ. 1766ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಆಯ್ತು. ಆ ವರ್ಷ ಜುಲೈ 26ರಂದು ಮೊದಲ ಗುದ್ದಲಿ ಹಾಕಿದ್ದು ಅವನೇ. ಬ್ರಿಂಡ್ಲಿ ಆ ಮಣ್ಣನ್ನು ತಳ್ಳುಗಾಡಿಯಲ್ಲಿ ಒಯ್ದ. ಕಾಲುವೆ ಹಾದುಹೋಗುವ ಜಾಗದಲ್ಲೇ ವೆಜ್‌ವುಡ್ ತನ್ನ ಹೊಸ ಕಾರ್ಖಾನೆ ಕಟ್ಟಿಸಿ 1769ರಲ್ಲಿ ಶುರು ಮಾಡಿದ. ಸುಮಾರು 150 ಕಿ.ಮೀ. ಉದ್ದದ ಕಾಲುವೆ ಪೂರ್ತಿ ಆಗಿದ್ದು 1777ರಲ್ಲಿ. ಬ್ರಿಂಡ್ಲಿ ಅದನ್ನ ನೋಡಲಿಲ್ಲ. 1772ರಲ್ಲೇ ತೀರಿಕೊಂಡ.

ನೀರಿನ ಮೇಲೆ ಜೋಲಿ ಇಲ್ಲ, ಕುಲುಕಾಟ ಇಲ್ಲ. ಹುಲ್ಲು ತುರುಕಿ ಪೆಟ್ಟಿಗೆಗೆ ತುಂಬಿದ ಪಾತ್ರೆಗಳು ಹಾಗೇ ಬಂದರಿನವರೆಗೆ ಹೋದವು. ಅಲ್ಲಿಂದ ಹಡಗು ಹತ್ತಿ ಸಮುದ್ರದಾಚೆಗೆ. ನನ್ನ ಮಟ್ಟಿಗೆ ಕಾಲುವೆಯ ದೊಡ್ಡ ಉಪಕಾರ ಇದು. ರೇಷ್ಮೆ, ಮಸಾಲೆ ಎಂಥ ರಸ್ತೆಯಲ್ಲೂ ಹೋಗುತ್ತವೆ. ಕೆಜಿಗೆ ಅಷ್ಟು ಬೆಲೆ ಇರುತ್ತೆ. ಮಣ್ಣು, ಸುಣ್ಣ, ಕಲ್ಲಿದ್ದಲು, ಇಟ್ಟಿಗೆ, ಧಾನ್ಯ, ಉಪ್ಪು: ಇವಕ್ಕೆ ರಸ್ತೆಯಲ್ಲಿ ದಾರಿಯೇ ಇರಲಿಲ್ಲ.

---

ಕುಂಬಾರಕೇರಿ

ಓದಿದೆನಪ್ಪ. ಎರಡು ಸಲ ಓದಿದೆ. ನಮ್ಮಪ್ಪ ಇದ್ದಿದ್ದರೆ ಅವರಿಗೂ ಓದಿ ಹೇಳುತ್ತಿದ್ದೆ.

---

ಮಂಡ್ಯ ನಾಲೆ ಪಕ್ಕ

ನಮ್ಮ ಮನೆ ಪಕ್ಕ ವಿಶ್ವೇಶ್ವರಯ್ಯ ನಾಲೆ ಇದೆ. ಹಾಗಾದರೆ ಕಬ್ಬನ್ನ ಅದರಲ್ಲೇ ದೋಣಿ ಮೇಲೆ ಫ್ಯಾಕ್ಟರಿಗೆ ಸಾಗಿಸಬಹುದಿತ್ತಲ್ಲ? ಯಾಕೆ ಮಾಡಲಿಲ್ಲ?

---

ನಿವೃತ್ತ ಎಇಇ, ನೀರಾವರಿ

ಒಳ್ಳೆಯ ಪ್ರಶ್ನೆ ತಮ್ಮಾ. ನಾನು ನಾಲೆ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು, ಹೇಳ್ತೀನಿ ಕೇಳು.

ನೀರಾವರಿ ನಾಲೆ ಮತ್ತು ಸಾಗಣೆ ಕಾಲುವೆ ನೋಡೋಕೆ ಒಂದೇ ಥರ, ಗುಣ ಬೇರೆ. ನಾಲೆಗೆ ಇಳಿಜಾರು ಬೇಕು. ನೀರು ಹರಿದು ಗದ್ದೆ ಮುಟ್ಟಬೇಕು. ಅಲ್ಲಲ್ಲಿ ನೀರು ಧುಮುಕುವ ಕಟ್ಟೆ ಇರುತ್ತೆ. ಬೇಸಿಗೆಯಲ್ಲಿ ನೀರು ಬಂದ್ ಮಾಡಿ ಹೂಳು ತೆಗೀತೇವೆ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ನೀರಿನ ಪದ್ಧತಿ ಬೇರೆ ಇದೆ. ಇಂಥದ್ದರಲ್ಲಿ ದೋಣಿ ಓಡಿಸೋದು ಹೇಗೆ? ಸಾಗಣೆ ಕಾಲುವೆ ಮಟ್ಟವಾಗಿರಬೇಕು, ವರ್ಷವಿಡೀ ನೀರು ನಿಂತಿರಬೇಕು. ಮಟ್ಟ ಬದಲಾಗುವ ಕಡೆ ಲಾಕ್ ಕಟ್ಟಬೇಕು.

ಲಾಕ್ ಅಂದರೆ ಎರಡು ಕಡೆ ಬಾಗಿಲಿರುವ ಒಂದು ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಹಾಕಿ, ಮೇಲಿನ ತೂಬು ಎತ್ತಿದರೆ ನೀರು ತುಂಬಿ ದೋಣಿ ಮೇಲೆದ್ದು ಬರುತ್ತೆ. ಆಮೇಲೆ ಮುಂದಿನ ಬಾಗಿಲು ತೆಗೆಯೋದು. ಇಳಿಯುವಾಗ ಇದರ ತಿರುಗುಮುರುಗು. ಯಂತ್ರ ಬೇಡ, ಬೆಂಕಿ ಬೇಡ. ಒಬ್ಬ ಹೆಂಗಸು ತನ್ನ ಬೆನ್ನು ಕೊಟ್ಟು ತಳ್ಳಿದರೆ ಟನ್‌ಗಟ್ಟಲೆ ತೂಗುವ ಬಾಗಿಲು ತೆರೆಯುತ್ತೆ.

ಇದರ ಹಳೇ ರೂಪ ಚೀನಾದಲ್ಲಿ ಆಗಿದ್ದು, ಕ್ರಿ.ಶ. 984ರಲ್ಲಿ. ಅಲ್ಲಿನ ಮಹಾ ಕಾಲುವೆಯಲ್ಲಿ ಸರ್ಕಾರದ ಧಾನ್ಯದ ದೋಣಿಗಳನ್ನು ಕಲ್ಲಿನ ಜಾರುಬಂಡೆ ಮೇಲೆ ಎಳೆದು ಮೇಲಿನ ಮಟ್ಟಕ್ಕೆ ಹತ್ತಿಸುತ್ತಿದ್ದರು. ಎಳೆಯುವಾಗ ದೋಣಿ ಒಡೆಯೋದು, ಅದೇ ಸಮಯ ನೋಡಿ ಧಾನ್ಯ ಕದಿಯೋದು. ಇದನ್ನು ತಪ್ಪಿಸೋಕೆ ಚಿಯಾವ್ ವೇಯುವೆ ಎಂಬ ಅಧಿಕಾರಿ ಎರಡು ಬಾಗಿಲ ನಡುವೆ ನೀರು ಏರಿಸಿ ಇಳಿಸುವ ಉಪಾಯ ಮಾಡಿದ. ಆ ಕಾಲುವೆ ಉತ್ತರದ ರಾಜಧಾನಿಗೆ ದಕ್ಷಿಣದ ಅಕ್ಕಿ ಒಯ್ದು ಶತಮಾನಗಳ ಕಾಲ ಊಟ ಹಾಕಿತು. ರಸ್ತೆ ಮೇಲೆ ಅಷ್ಟು ಅಕ್ಕಿ ಹೋಗಿದ್ದರೆ ಎಳೆದ ಪ್ರಾಣಿಗಳೇ ಅರ್ಧ ತಿಂದಿರುತ್ತಿದ್ದವು. ಮೇಲೆ ಗಾಡಿಮನೆಯವರು ಹೇಳಿದ ಹಾಗೆ.

ಆದರೆ ಲಾಕ್ ನೀರು ಕುಡಿಯುತ್ತೆ. ಇಂಗ್ಲೆಂಡಿನ ಸಣ್ಣ ಲಾಕ್ 22 ಮೀಟರ್ ಉದ್ದ, 2 ಮೀಟರಿಗೆ ಸ್ವಲ್ಪ ಹೆಚ್ಚು ಅಗಲ. ನೀರು 2.4 ಮೀಟರ್ ಏರಬೇಕು ಅಂದುಕೊಂಡರೆ ಒಂದು ಸಲಕ್ಕೆ 1 ಲಕ್ಷ ಲೀಟರಿಗಿಂತ ಜಾಸ್ತಿ ನೀರು ಕೆಳಗೆ ಹೋಗುತ್ತೆ. ಅದಕ್ಕೇ ಎತ್ತರದ ಜಾಗದಲ್ಲಿ ಕೆರೆ ಕಟ್ಟಲೇಬೇಕು.

---

ದಂಡೆದಾರಿ

ಸರ್, ಆ ಕೆರೆಗಳಲ್ಲಿ ಒಂದು ನಮ್ಮ ಹತ್ತಿರವೇ ಇದೆ. ರಡ್ಯಾರ್ಡ್ ಕೆರೆ. 1800ರ ಹೊತ್ತಿಗೆ ಈ ಕಾಲುವೆಗಳಿಗೆ ನೀರು ಕೊಡೋಕೆ ಕಟ್ಟಿದ್ದು. ರಡ್ಯಾರ್ಡ್ ಕಿಪ್ಲಿಂಗ್ ಅನ್ನೋ ಲೇಖಕನ ಅಪ್ಪ ಅಮ್ಮ ಪರಿಚಯವಾಗಿದ್ದು ಈ ಕೆರೆ ದಂಡೆಯಲ್ಲಿ. ಮಗ ಬೊಂಬಾಯಿಯಲ್ಲಿ ಹುಟ್ಟಿದಾಗ ಕೆರೆಯ ಹೆಸರನ್ನೇ ಇಟ್ಟರು.

ಇನ್ನೊಂದು ಕೇಳಬೇಕಿತ್ತು. ಕಾಲುವೆ ಸೋರದ ಹಾಗೆ ಬ್ರಿಂಡ್ಲಿ ಜೇಡಿಮಣ್ಣಿಗೆ ನೀರು ಹಾಕಿ ಕಲಸಿ, ತುಳಿದು, ತಳಕ್ಕೆ ಬಡಿಯುತ್ತಿದ್ದನಂತೆ. ದನಗಳನ್ನು ಓಡಾಡಿಸಿ ತುಳಿಸಿದ್ದೂ ಉಂಟು. ನಮ್ಮ ಕೆರೆ ಏರಿಗೂ ಹೀಗೇ ಅಲ್ವಾ?

---

ನಿವೃತ್ತ ಎಇಇ, ನೀರಾವರಿ

ಹೌದು, ಏರಿಯ ಹೊಟ್ಟೆಯಲ್ಲಿ ಜೇಡಿಮಣ್ಣು ತುಂಬೋದು ಇದೇ ಕಾರಣಕ್ಕೆ. ಒಣಗಿದರೆ ಬಿರುಕು ಬಿಡುತ್ತೆ, ಒದ್ದೆ ಇದ್ದಷ್ಟು ದಿನ ಒಂದು ಹನಿ ಬಿಡಲ್ಲ.

ನಮ್ಮ ತುಂಗಭದ್ರೆಯ ನೀರಿನಲ್ಲೂ ಸಾಗಣೆ ದೋಣಿ ಓಡಿಸುವ ಯೋಜನೆ ಇತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಕರ್ನೂಲು–ಕಡಪ ಕಾಲುವೆ. ಸುಂಕೇಶುಲದಲ್ಲಿ ತುಂಗಭದ್ರೆಗೆ ಅಡ್ಡಕಟ್ಟು ಹಾಕಿ, 1863ರಿಂದ 1870ರವರೆಗೆ ಒಂದು ಖಾಸಗಿ ಕಂಪನಿ ಸುಮಾರು 300 ಕಿ.ಮೀ. ತೋಡಿತು. ನೀರಾವರಿಯೂ ಆಗಬೇಕು, ದೋಣಿಯೂ ಹೋಗಬೇಕು ಅಂತ ಲಾಕ್ ಕಟ್ಟಿದ್ದರು. ಇದರ ಹಿಂದಿದ್ದದ್ದು ಸರ್ ಆರ್ಥರ್ ಕಾಟನ್ ವಿಚಾರ. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದವರು. ಭಾರತಕ್ಕೆ ರೈಲಿಗಿಂತ ಕಾಲುವೆ ಮೇಲು, ಬಡವರ ಧಾನ್ಯ ಕಡಿಮೆ ಖರ್ಚಿನಲ್ಲಿ ಸಾಗಬೇಕು ಅಂತ ಅವರು ಜೀವನಪೂರ್ತಿ ವಾದಿಸಿದರು. ಗೋದಾವರಿ ಡೆಲ್ಟಾದಲ್ಲಿ ಅದು ಚೆನ್ನಾಗಿ ನಡೆಯಿತು. ಅಲ್ಲಿ ನೆಲ ಸಮ, ನೀರು ಧಾರಾಳ, ಭತ್ತ ತುಂಬಿದ ದೋಣಿಗಳು. ಕರ್ನೂಲಿನಲ್ಲಿ ಅಂದುಕೊಂಡಷ್ಟು ಸರಕು ಬರಲೇ ಇಲ್ಲ. ಕಂಪನಿ ಸೋತಿತು. 1882ರಲ್ಲಿ ಸರ್ಕಾರ ಕೊಂಡುಕೊಂಡಿತು. ಕಾಲುವೆ ಈಗಲೂ ಹೊಲಗಳಿಗೆ ನೀರು ಕೊಡ್ತಾ ಇದೆ. ಲಾರಿ ಅಣ್ಣ ಹೇಳಿದ ಬಂಡವಾಳದ ಮಾತಿಗೆ ಇದು ಸರಿಯಾದ ಉದಾಹರಣೆ.

---

ಮದ್ರಾಸ್ ಕನ್ನಡಿಗ

ಬಕಿಂಗ್‌ಹ್ಯಾಮ್ ಕಾಲುವೆ ಹೆಸರು ಯಾರೂ ಎತ್ತಲಿಲ್ಲವಲ್ಲ! ನಾವು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದೇವೆ. 1806ರಲ್ಲಿ ಮದ್ರಾಸಿನಿಂದ ಎಣ್ಣೂರಿನವರೆಗೆ ಸಣ್ಣದಾಗಿ ಶುರುವಾಗಿದ್ದು. 1876–78ರ ಭೀಕರ ಬರದಲ್ಲಿ ಹಸಿದ ಜನಕ್ಕೆ ಕೂಲಿ ಕೊಡೋಕೆ ಅಂತ ಇದರ ಒಂದು ದೊಡ್ಡ ಭಾಗ ಅಗೆಸಿದರು. ಆಗಿನ ಗವರ್ನರ್ ಹೆಸರು ಬಿತ್ತು. ಕೊನೆಗೆ ಕಾಕಿನಾಡದಿಂದ ವಿಲ್ಲುಪುರಂ ಜಿಲ್ಲೆಯವರೆಗೆ ಕರಾವಳಿಗುಂಟ 796 ಕಿ.ಮೀ. ಆ ಬರದಲ್ಲಿ ನಮ್ಮ ಮೈಸೂರು ಸೀಮೆಯಲ್ಲೂ ಲಕ್ಷಗಟ್ಟಲೆ ಜನ ಸತ್ತರು. ಹಾಗಾಗಿ ಆ ಕಾಲುವೆ ದಂಡೆಯಲ್ಲಿ ನಿಂತಾಗ ನನಗೆ ಬರೀ ದೋಣಿ ನೆನಪಾಗಲ್ಲ.

ನಮ್ಮ ತಾತ ಹೇಳುತ್ತಿದ್ದರು, ಮದ್ರಾಸಿನ ಒಲೆ ಉರಿದದ್ದು ಈ ಕಾಲುವೆಯಿಂದ. ಸರ್ವೆ ಸೌದೆ, ಉಪ್ಪು, ತರಕಾರಿ ತುಂಬಿದ ದೋಣಿಗಳು. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಗಳ ಊರಿ ತಳ್ಳೋದು, ಅದೂ ಆಗದಿದ್ದರೆ ಇಬ್ಬರು ದಂಡೆ ಮೇಲೆ ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆಯೋದು. ಇಲ್ಲಿ ಕುದುರೆ ಜಾಗದಲ್ಲಿ ಮನುಷ್ಯ. 1965, 66ರ ಚಂಡಮಾರುತಗಳಲ್ಲಿ ಕಾಲುವೆ ಹಾಳಾಯ್ತು. ಆಮೇಲೆ ಸಾಗಣೆ ಚೇತರಿಸಿಕೊಳ್ಳಲಿಲ್ಲ. ಈಗ ಊರೊಳಗೆ ಅದರ ಮೇಲೇ ಎಂಆರ್‌ಟಿಎಸ್ ರೈಲಿನ ಕಂಬಗಳು ನಿಂತಿವೆ. ಕೆಳಗೆ ಚರಂಡಿ ನೀರು. ನೋಡಿದರೆ ಹೊಟ್ಟೆ ಉರಿಯುತ್ತೆ. 2004ರ ಸುನಾಮಿಯಲ್ಲಿ ಒಳನುಗ್ಗಿದ ನೀರನ್ನು ಎಷ್ಟೋ ಕಡೆ ಇದೇ ಕಾಲುವೆ ತಡೆದುಕೊಂಡಿತು.

---

ಲಾರಿ ಬುಕಿಂಗ್ ದಾವಣಗೆರೆ

ಎಲ್ಲ ಓದಿದೆ. ನನ್ನ ಮಾತು ಸ್ವಲ್ಪ ತಿದ್ದಿಕೊಳ್ತೀನಿ. ಆ ಕಾಲದ ರಸ್ತೆಗೆ ಹೋಲಿಸಿದರೆ ಭಾರದ ಸರಕಿಗೆ ಕಾಲುವೆಯೇ ಸೈ. ಈಗಿನ ಹೈವೇ ತಲೆಯಲ್ಲಿಟ್ಟುಕೊಂಡು ಬರೆದಿದ್ದೆ.

ಆದರೆ ಒಂದು ಡೌಟ್. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ? ದೋಣಿಯವರ ಹೊಟ್ಟೆಪಾಡು ಏನು? ನಮ್ಮ ಡ್ರೈವರ್‌ಗಳ ಹಾಗೆ ಟ್ರಿಪ್ ಲೆಕ್ಕವಾ?

---

ದಂಡೆದಾರಿ

ಟ್ರಿಪ್ ಲೆಕ್ಕವೇ ಅಣ್ಣ. ದೋಣಿ ನಿಂತರೆ ದುಡ್ಡಿಲ್ಲ. ಹಿಮ ಒಡೆಯೋಕೆ ಬೇರೆ ದೋಣಿ ಇತ್ತು. ನಡುವೆ ಉದ್ದಕ್ಕೆ ಒಂದು ಕಂಬಿ. ಹತ್ತಾರು ಗಂಡಸರು ಅದನ್ನ ಹಿಡಿದು ನಿಂತು, ದೋಣಿಯನ್ನು ಎಡಕ್ಕೆ ಬಲಕ್ಕೆ ತೂಗಾಡಿಸೋದು. ಮುಂದೆ ಸಾಲು ಕುದುರೆಗಳು ಎಳೆಯೋದು. ಹಾಗೆ ಹಿಮ ಬಿರಿಯುತ್ತಿತ್ತು. 1895ರ ಚಳಿಯಲ್ಲಿ ಅದೂ ನಡೆಯದೆ ವಾರಗಟ್ಟಲೆ ಎಲ್ಲ ನಿಂತಿತು. ಅಮೆರಿಕದ ಈರಿ ಕಾಲುವೆಯಂತೂ ಪ್ರತಿ ಚಳಿಗಾಲದಲ್ಲೂ ಮುಚ್ಚುತ್ತಿತ್ತು. ಅದು 584 ಕಿ.ಮೀ., 1817ರಿಂದ 1825ರವರೆಗೆ ಕಟ್ಟಿದ್ದು. ವರ್ಷಕ್ಕೆ ಕೆಲವು ತಿಂಗಳು ಮುಚ್ಚಿದರೂ, ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ನಿಗೆ 100 ಡಾಲರ್ ಇದ್ದ ಬಾಡಿಗೆಯನ್ನು 10 ಡಾಲರ್ ಆಸುಪಾಸಿಗೆ ಇಳಿಸಿತು.

1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಬಂದ ಮೇಲೆ ಕಾಲುವೆಯವರು ಬಾಡಿಗೆ ಇಳಿಸಬೇಕಾಯ್ತು. ಅದರ ಹೊರೆ ಬಿದ್ದಿದ್ದು ದೋಣಿಯವರ ಮೇಲೆ. ದಡದಲ್ಲಿ ಮನೆ ಇಟ್ಟುಕೊಳ್ಳೋಕೆ ಆಗದೆ ಹೆಂಡತಿ ಮಕ್ಕಳನ್ನ ದೋಣಿಗೇ ತಂದರು. ದೋಣಿಯ ಹಿಂಭಾಗದ ಕೋಣೆ ಸುಮಾರು 3 ಮೀಟರ್ ಉದ್ದ, 2 ಮೀಟರ್ ಅಗಲ. ಇಡೀ ಸಂಸಾರ ಅಷ್ಟರಲ್ಲೇ. ಇಲ್ಲಿನ ಮ್ಯೂಸಿಯಂನಲ್ಲಿ ಒಂದರೊಳಗೆ ಹೋಗಿ ಕೂತಿದ್ದೆ. ಕೈ ಚಾಚಿದರೆ ಒಲೆ. ಇನ್ನೊಂದು ಕೈ ಚಾಚಿದರೆ ಮಡಚಿ ಗೋಡೆಗೆ ಸೇರಿಸುವ ಮಂಚ. ಬಾಗಿಲಿಗೆ, ನೀರಿನ ಕೊಡಕ್ಕೆ ಗುಲಾಬಿ ಹೂವಿನ ಚಿತ್ತಾರ. ಮಕ್ಕಳು ಶಾಲೆ ಕಾಣುತ್ತಿರಲಿಲ್ಲ. ದೋಣಿ ಸಂಸಾರಗಳಿಗಾಗಿ 1877ರಲ್ಲಿ, ಮತ್ತೆ 1884ರಲ್ಲಿ ಕಾಯ್ದೆ ಮಾಡಬೇಕಾಯ್ತು. ಕಾಲುವೆಯ ಅಗ್ಗದ ಬಾಡಿಗೆಯ ಬಗ್ಗೆ ಮಾತಾಡುವಾಗ ಈ ಕೋಣೆಯನ್ನ ಮರೆಯೋಕೆ ನನ್ನಿಂದ ಆಗಲ್ಲ.

---

ಮಂಡ್ಯ ನಾಲೆ ಪಕ್ಕ

ನನ್ನ ಮಗಳು ಪಕ್ಕದಲ್ಲೇ ಕೂತು ಓದ್ತಾ ಇದ್ದಾಳೆ, ಆರನೇ ಕ್ಲಾಸು. ಅವಳ ಪ್ರಶ್ನೆ: ಕಾಲುವೆ ಸುರಂಗದೊಳಗೆ ಹೋದಾಗ ಕುದುರೆ ಏನು ಮಾಡುತ್ತಿತ್ತು? ಒಳಗೆ ನಡೆಯೋಕೆ ದಂಡೆ ಇರುತ್ತಾ?

---

ದಂಡೆದಾರಿ

ಪುಟ್ಟಿ, ನಮ್ಮ ಕಾಲುವೆಯಲ್ಲೇ ಅಂಥ ಸುರಂಗ ಇದೆ. ಹೇರ್‌ಕ್ಯಾಸಲ್ ಅಂತ ಹೆಸರು. ಸುಮಾರು 2.6 ಕಿ.ಮೀ. ಉದ್ದ. ಬ್ರಿಂಡ್ಲಿಯ ಕಾಲದಲ್ಲಿ ತೋಡೋಕೆ 11 ವರ್ಷ ಹಿಡಿಯಿತು. ದೋಣಿ ಹಿಡಿಸುವಷ್ಟೇ ಅಗಲ, ಒಳಗೆ ದಂಡೆ ಇರಲಿಲ್ಲ. ಹಾಗಾಗಿ ಇಬ್ಬರು ಗಂಡಸರು ದೋಣಿಗೆ ಅಡ್ಡ ಹಾಕಿದ ಹಲಗೆ ಮೇಲೆ ಅಂಗಾತ ಮಲಗಿ, ಎರಡೂ ಕಡೆ ಗೋಡೆಗೆ ಕಾಲು ಕೊಟ್ಟು, ಗೋಡೆ ಮೇಲೆ ನಡೆದ ಹಾಗೆ ತಳ್ಳಿಕೊಂಡು ಹೋಗುತ್ತಿದ್ದರು. ಕತ್ತಲೆ, ತಲೆ ಮೇಲೆ ನೀರು ತೊಟ್ಟಿಕ್ಕೋದು. ಆಚೆ ಬರೋಕೆ ಎರಡು ಮೂರು ಗಂಟೆ. 1827ರಲ್ಲಿ ಟೆಲ್ಫರ್ಡ್ ಅನ್ನೋ ಇಂಜಿನಿಯರ್ ಪಕ್ಕದಲ್ಲೇ ಇನ್ನೊಂದು ಸುರಂಗ ಮಾಡಿಸಿದ. ಅದಕ್ಕೆ ದಂಡೆ ಇಟ್ಟಿದ್ದ.

ಮೊದಲಿನ ಸುರಂಗದ ಹತ್ತಿರ ಬಂದಾಗ ಕುದುರೆಯ ಹಗ್ಗ ಬಿಚ್ಚುತ್ತಿದ್ದರು. ಮನೆಯ ಮಕ್ಕಳೋ ಹೆಂಗಸರೋ ಅದನ್ನು ಹಿಡಿದುಕೊಂಡು ಗುಡ್ಡ ಹತ್ತಿ ಆಚೆ ಇಳಿಯುತ್ತಿದ್ದರು. ದಾರಿಯಲ್ಲಿ ಕುದುರೆ ಹುಲ್ಲು ಮೇಯುತ್ತಿತ್ತು ಅಂದುಕೋ. ಆ ದಾರಿ ಇನ್ನೂ ಇದೆ. ಹೆಸರೇ ಬೋಟ್‌ಹಾರ್ಸ್ ರೋಡ್, ಅಂದರೆ ದೋಣಿ ಕುದುರೆ ರಸ್ತೆ. ಈಗ ಅದರ ಮೇಲೆ ಕಾರು ಓಡುತ್ತವೆ.

ಭಾನುವಾರ ಅಪ್ಪನನ್ನ ಕರೆದುಕೊಂಡು ಅದೇ ದಾರಿಯಲ್ಲಿ ಗುಡ್ಡ ಹತ್ತಿ ಇಳಿದು ಬರ್ತೇವೆ. ಫೋಟೋ ಹಾಕ್ತೇನೆ.